34ಕ್ಕೆ ಸರಳೆ: ಕುಡ್ಲದಲ್ಲಿ ನನ್ನ ‘ಸ’ ಹುಡುಕಿದ ಕಥೆ

ಶನಿವಾರ ಸಂಜೆ ಏಳಕ್ಕೆ ನಮ್ಮೂರ ಭಜನಾ ಮಂದಿರದ ಟ್ಯೂಬ್‌ಲೈಟ್ ಹತ್ತುತ್ತದೆ. ಮಂಗಳೂರಿನ ಪಡೀಲಿನಿಂದ ಸ್ವಲ್ಪ ಒಳಗೆ, ಹಂಚಿನ ಮಾಡಿನ ಸಣ್ಣ ಮಂದಿರ. ಒಳಗೆ ಎರಡು ಕಾಲುದೀಪ, ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲ, ನಾಲ್ಕೈದು ಜತೆ ತಾಳ. ನಾನು ಹುಟ್ಟುವ ಮೊದಲಿನಿಂದಲೂ ಅಲ್ಲಿ ಮೊದಲ ಹಾಡು ಹೇಳುವುದು ನನ್ನ ಅಪ್ಪ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಶನಿವಾರ ಹಾಡಿನ ನಡುವೆ ಅಪ್ಪನಿಗೆ ಕೆಮ್ಮು ಬಂತು. ನಿಲ್ಲಲಿಲ್ಲ. ಹಾರ್ಮೋನಿಯಂ ಬಾರಿಸುವ ಮಾವ ಅದೇ ಸಾಲನ್ನು ಎರಡು ಸಲ ತಿರುಗಿಸಿದರು. ಅಪ್ಪ ನನ್ನ ಕಡೆ ನೋಡಿ ಕೈ ಮಾಡಿದರು. ‘ನೀನು ಹೇಳು’ ಎಂದು ಅರ್ಥ.

ಹಾಡು ನನಗೆ ಬಾಯಿಪಾಠ. ಮೂವತ್ತು ವರ್ಷದಿಂದ ಕೇಳಿದ್ದು. ಆದರೆ ಬಾಯಿ ತೆರೆದರೆ ಸ್ವರವೇ ಬರಲಿಲ್ಲ ಮಾರಾಯ್ರೆ. ಹಾರ್ಮೋನಿಯಂ ಕಾಯ್ತಾ ಇದೆ, ತಬಲ ಕಾಯ್ತಾ ಇದೆ, ನಾನು ನೆಲ ನೋಡ್ತಾ ಇದ್ದೇನೆ. ಕೊನೆಗೆ ತಬಲದವರೇ ಎತ್ತಿಕೊಂಡು ಹಾಡು ಮುಗಿಸಿದರು. ಮನೆಗೆ ಬರುವಾಗ ಬೈಕಿನ ಹಿಂದೆ ಕುಳಿತ ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಅಪ್ಪನಿಗೆ ಈಗ 71. ಮಂಡಳಿಯಲ್ಲಿ ಒಂದು ಕಾಲಕ್ಕೆ ಇಪ್ಪತ್ತು ಜನ ಇದ್ದರಂತೆ, ಈಗ ಖಾಯಂ ಬರುವವರು ಐವರು. ನಮ್ಮ ಕಡೆ ಮಕ್ಕಳಿಗೆ ಕುಣಿತ ಭಜನೆಯ ಹುಚ್ಚು ಚೆನ್ನಾಗಿಯೇ ಹಿಡಿದಿದೆ, ಅದು ಸಂತೋಷದ ವಿಷಯ. ಆದರೆ ಚಾಪೆ ಹಾಸಿ ಕೂತು ಹಾಡುವ ವಾರದ ಭಜನೆಗೆ ಜನ ಇಲ್ಲ. ‘ಇನ್ನು ತಿಂಗಳಿಗೊಮ್ಮೆ ಮಾಡಿದರೆ ಸಾಕಾ?’ ಎಂದು ಆ ತಿಂಗಳ ಮೀಟಿಂಗಿನಲ್ಲಿ ಯಾರೋ ಕೇಳಿದರು. ಅಪ್ಪ ಪಂಚಕಜ್ಜಾಯ ಹಂಚುತ್ತಿದ್ದವರು ಹಂಚುತ್ತಲೇ ಇದ್ದರು. ನಾನು ಆ ರಾತ್ರಿ ಫೋನಿನಲ್ಲಿ ‘ಸಂಗೀತ ಕ್ಲಾಸ್ ನಿಯರ್ ಮಿ’ ಎಂದು ಟೈಪ್ ಮಾಡಿದೆ.

‘ನೀನು ಬಾಯಿ ಮಾತ್ರ ಆಡಿಸು’

ನನ್ನ ಹಾಗೆ ಹಾಡದೆ ಬೆಳೆದವರಲ್ಲಿ ಹೆಚ್ಚಿನವರ ಹಿಂದೆ ಒಂದು ಸಣ್ಣ ಕಥೆ ಉಂಟು. ನನ್ನದು ನಾಲ್ಕನೇ ಕ್ಲಾಸಿನದ್ದು. ಸ್ಕೂಲ್ ಡೇಗೆ ಸಮೂಹಗಾನ. ಪ್ರಾಕ್ಟೀಸಿನಲ್ಲಿ ಟೀಚರ್ ನನ್ನ ಹತ್ತಿರ ಬಂದು, ‘ನೀನು ಎರಡನೇ ಸಾಲಿಗೆ ಹೋಗು, ಬಾಯಿ ಮಾತ್ರ ಆಡಿಸು, ಆಯ್ತಾ?’ ಎಂದರು. ಅವರು ಕೆಟ್ಟವರಲ್ಲ. ನಲವತ್ತು ಮಕ್ಕಳನ್ನು ಒಂದು ಸ್ವರಕ್ಕೆ ತರಬೇಕಾದ ಮಂಡೆಬಿಸಿ ಅವರದ್ದು. ಆದರೆ ನಾನು 25 ವರ್ಷ ಬಾಯಿ ಮಾತ್ರ ಆಡಿಸಿದೆ. ರಾಷ್ಟ್ರಗೀತೆಗೆ, ಆಫೀಸಿನ ಬರ್ತ್‌ಡೇ ಕೇಕಿಗೆ, ಭಜನೆಗೆ.

ಆಮೇಲೆ ಓದಿ ತಿಳಿದದ್ದು: ಸ್ವರದ ಏರಿಳಿತವೇ ಗೊತ್ತಾಗದ ಹುಟ್ಟಿನ ಸಮಸ್ಯೆ ನಿಜಕ್ಕೂ ಒಂದಿದೆ, ಅದಕ್ಕೆ ಅಮ್ಯೂಸಿಯಾ ಅನ್ನುತ್ತಾರೆ. ನೂರರಲ್ಲಿ ನಾಲ್ವರಿಗೆ ಇರಬಹುದೆಂದು ಮೊದಲು ಅಂದಾಜಿತ್ತು. 2017ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ಅದನ್ನು ಶೇ 1.5ಕ್ಕೆ ಇಳಿಸಿತು. ಅಂದರೆ ‘ನನಗೆ ಸ್ವರಜ್ಞಾನ ಇಲ್ಲ’ ಎಂದು ಹೇಳಿಕೊಂಡು ತಿರುಗುವ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲದಿರುವುದು ಜ್ಞಾನ ಅಲ್ಲ, ಅಭ್ಯಾಸ. ಹಾಡು ತಪ್ಪಿದಾಗ ನಿಮಗೇ ‘ಶ್ಶೆ’ ಅನಿಸುತ್ತದಾ? ಹಾಗಾದರೆ ಕಿವಿ ಸರಿ ಉಂಟು. ಗಂಟಲಿಗೆ ದಾರಿ ಗೊತ್ತಿಲ್ಲ, ಅಷ್ಟೆ.

ಕದ್ರಿಯ ಮಹಡಿ ಮೇಲೆ

ನನಗೆ ಸಿಕ್ಕಿದ ಕ್ಲಾಸು ಕದ್ರಿ ಕಂಬಳದ ಕಡೆ, ಒಂದು ಹಳೆ ಮನೆಯ ಮಹಡಿಯಲ್ಲಿ. ಬುಧವಾರ ಸಂಜೆ, ಭಾನುವಾರ ಬೆಳಿಗ್ಗೆ. ಟೀಚರಿಗೆ ಅರವತ್ತರ ಹತ್ತಿರ ವಯಸ್ಸು. ಫೋನಿನಲ್ಲಿ ನಾನು, ‘ಮೇಡಂ, ಸೇರಲಿಕ್ಕೆ ವಯಸ್ಸಿನ ಲಿಮಿಟ್ ಉಂಟಾ?’ ಎಂದು ಕೇಳಿದ್ದೆ. ‘ಮಗು ಎಷ್ಟನೇ ಕ್ಲಾಸ್?’ ಎಂದರು. ‘ಮಗು ಅಲ್ಲ, ನಾನೇ’ ಎಂದೆ. ಒಂದು ಕ್ಷಣ ಮೌನ. ‘ಚಕ್ಕಳಮಟ್ಟೆ ಹಾಕಿ ಅರ್ಧ ಗಂಟೆ ಕೂತ್ಕೊಳ್ಳಲಿಕ್ಕೆ ಆಗ್ತದಾ?’ ಎಂದು ಕೇಳಿದರು. ಪ್ರವೇಶ ಪರೀಕ್ಷೆ ಅಷ್ಟೇ.

ಮೊದಲ ದಿನ ಬಾಗಿಲ ಹೊರಗೆ ಚಪ್ಪಲಿಗಳನ್ನು ನೋಡಿಯೇ ಎದೆ ಹೊಡೆದುಕೊಂಡಿತು. ಎಲ್ಲ ಸಣ್ಣ ಸಣ್ಣ ಸೈಜು, ಒಂದೆರಡಕ್ಕೆ ಲೈಟು ಬೇರೆ. ನಡುವೆ ನನ್ನ ಹತ್ತನೇ ನಂಬರಿನ ಶೂ. ಒಳಗೆ ಆರು ಮಕ್ಕಳು. ನನ್ನ ಪಕ್ಕ ಕುಳಿತವಳಿಗೆ ಏಳು ವರ್ಷ. ಎರಡು ಜಡೆ, ಮುಂದಿನ ಹಲ್ಲು ಇಲ್ಲ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಅಂಕಲ್, ನೀವು ಯಾರ ಅಪ್ಪ?’ ಎಂದಳು.

ಈ ಕದ್ರಿಯ ಗಾಳಿಯಲ್ಲೇ ಸಂಗೀತ ಉಂಟು ಎಂದು ಕೆಲವರು ಹೇಳುತ್ತಾರೆ. ಗಾಳಿಯ ವಿಷಯ ಗೊತ್ತಿಲ್ಲ, ಆದರೆ ದಾರಿ ಅಂತೂ ಚಂದ. ಭಾನುವಾರ ಬೇಗ ಹೊರಟರೆ ನಾನು ಮಂಜುನಾಥ ದೇವಸ್ಥಾನದ ಎದುರು ಬೈಕ್ ನಿಲ್ಲಿಸುತ್ತೇನೆ. ಒಳಗಿರುವ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಶಾಸನವಿದೆ, ಅದರ ಕಾಲ ಕ್ರಿ.ಶ. 968. ಅದರ ಎದುರು ನಿಂತರೆ 34 ಅನ್ನುವುದು ಒಂದು ವಯಸ್ಸೇ ಅಲ್ಲ ಅನಿಸುತ್ತದೆ. ಗುಡ್ಡದ ಮೇಲೆ ಆಕಾಶವಾಣಿ. ನಮ್ಮ ಮನೆಯ ರೇಡಿಯೊದಲ್ಲಿ ಅಪ್ಪ ಬೆಳಗಿನ ಭಕ್ತಿಗೀತೆ ಕೇಳುತ್ತಿದ್ದದ್ದು ಅಲ್ಲಿಂದಲೇ.

ಇನ್ನು ಕದ್ರಿ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್. 1949ರಲ್ಲಿ ಬಂಟ್ವಾಳ ತಾಲ್ಲೂಕಿನಲ್ಲಿ ನಾಗಸ್ವರ ವಿದ್ವಾಂಸರ ಮನೆಯಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರ ಬಳಿ ಕಲಿತರು. ಬ್ಯಾಂಡಿನ ವಾದ್ಯದಲ್ಲಿ ಗಮಕ ಹೊರಡಿಸಲು, ಅದನ್ನು ಪೂರ್ತಿ ಕೈವಶ ಮಾಡಿಕೊಳ್ಳಲು ಸುಮಾರು 20 ವರ್ಷ ಹಿಡಿಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು. ಮೂರನೇ ವಾರ ನಾನು, ‘ಟೀಚರ್, ನನಗೆ ಬರ್ತಾನೇ ಇಲ್ಲ’ ಎಂದಾಗ ನಮ್ಮ ಟೀಚರ್ ಕಿಟಕಿಯ ಹೊರಗೆ ಕೈ ತೋರಿಸಿ, ‘ಅವರಿಗೆ ಇಪ್ಪತ್ತು ವರ್ಷ. ನಿಮಗೆ ಮೂರು ವಾರ’ ಎಂದರು. ಮತ್ತೆ ನಾನು ಆ ಮಾತು ಎತ್ತಲಿಲ್ಲ.

ನಿಮ್ಮ ಮನೆ ಎಷ್ಟು?

ಮೊದಲ ಪಾಠದಲ್ಲೇ ದೊಡ್ಡ ಗೊಂದಲ. ಟೀಚರ್ ಶ್ರುತಿ ಪೆಟ್ಟಿಗೆ ಹಾಕಿ ‘ಸಾ’ ಎಂದರು. ಮಕ್ಕಳೂ ‘ಸಾ’ ಎಂದರು. ನಾನು ಆ ಎತ್ತರಕ್ಕೆ ಹೋಗಲು ಕತ್ತು ಉದ್ದ ಮಾಡಿ ಕಿರುಚಿದೆ. ಎರಡು ಜಡೆ ಕಿಸಕ್ಕನೆ ನಕ್ಕಿತು.

ಕಾರಣ ಸರಳ, ಆದರೆ ನನಗೆ ಯಾರೂ ಹೇಳಿರಲಿಲ್ಲ. ಹೆಂಗಸರ ಮತ್ತು ಮಕ್ಕಳ ಧ್ವನಿತಂತುಗಳು ಗಿಡ್ಡ, ಗಂಡಸರದ್ದು ಉದ್ದ, ದಪ್ಪ. ಉದ್ದ ತಂತಿ ನಿಧಾನ ಕಂಪಿಸುತ್ತದೆ, ಸ್ವರ ತಗ್ಗಿನಲ್ಲಿ ಬರುತ್ತದೆ. ಟೀಚರ್ ಹಾಡುವುದು ಐದೂವರೆ ಮನೆ ಶ್ರುತಿಯಲ್ಲಿ. ಅವರ ‘ಸ’ ಹಿಡಿಯಲು ಹೋದ ನಾನು ಏಣಿಯ ಅರ್ಧದಿಂದ ಹತ್ತಲು ಶುರು ಮಾಡಿದ ಹಾಗೆ. ಮೇಲಿನ ‘ಪ’ ಬರುವಾಗ ಏಣಿಯೇ ಮುಗಿಯುತ್ತದೆ.

ಕರ್ನಾಟಕ ಸಂಗೀತದವರು ಶ್ರುತಿಯನ್ನು ‘ಮನೆ’ಯಲ್ಲಿ ಎಣಿಸುತ್ತಾರೆ. ಹಾರ್ಮೋನಿಯಂನ ಮೊದಲ ಬಿಳಿ ಕೀ ಒಂದು ಮನೆ, ಅದರ ಪಕ್ಕದ ಕಪ್ಪು ಕೀ ಒಂದೂವರೆ ಮನೆ, ಹೀಗೆ. ನಮ್ಮ ಭಜನೆಯವರು, ಯಕ್ಷಗಾನದವರು ಅದನ್ನೇ ‘ಬಿಳಿ ಒಂದು’, ‘ಕಪ್ಪು ಒಂದು’ ಅನ್ನುತ್ತಾರೆ. ಹೆಸರು ಬೇರೆ, ಜಾಗ ಒಂದೇ.

ಟೀಚರ್ ಮಕ್ಕಳನ್ನು ಕಳಿಸಿದ ಮೇಲೆ ನನ್ನನ್ನು ಕೂರಿಸಿ, ‘ಈಗ ಹಾಡಬೇಡಿ. ನಿಮ್ಮ ಹೆಸರು ಹೇಳಿ, ಊರು ಹೇಳಿ, ಬೆಳಿಗ್ಗೆ ಎಂತ ತಿಂಡಿ ತಿಂದದ್ದು ಹೇಳಿ’ ಎಂದರು. ನಾನು ನೀರುದೋಸೆಯ ವಿಷಯ ಹೇಳುತ್ತಿರುವಾಗ ಅವರು ಹಾರ್ಮೋನಿಯಂನ ಕೀ ಒತ್ತುತ್ತಾ ಹೋದರು. ‘ಹಾಂ, ನೀವು ಮಾತಾಡುವುದು ಇಲ್ಲಿ. ಇದರ ಸ್ವಲ್ಪ ಮೇಲೆ ನಿಮ್ಮ ಮನೆ.’ ಮೊದಲು ಒಂದು ಮನೆಗೆ ಇಟ್ಟರು. ನಾಲ್ಕು ತಿಂಗಳ ನಂತರ ಒಂದೂವರೆಗೆ ಏರಿಸಿದರು. ಈಗಲೂ ನಾನು ಅಲ್ಲೇ ಇದ್ದೇನೆ.

34 ವರ್ಷ ನಾನು ಬೇರೆಯವರ ಮನೆಯಲ್ಲಿ ಹಾಡಲು ಹೋಗಿ ಸೋತದ್ದು ಎಂದು ಅವತ್ತು ಗೊತ್ತಾಯಿತು. ನಾಲ್ಕನೇ ಕ್ಲಾಸಿನ ಆ ಸಮೂಹಗಾನ ಕೂಡ ಬಹುಶಃ ನನ್ನ ಶ್ರುತಿಯದ್ದಾಗಿರಲಿಲ್ಲ. ಭಜನೆಯಲ್ಲಿ ಅಪ್ಪ ಹಾಡುತ್ತಿದ್ದದ್ದು ಕಪ್ಪು ಎರಡರಲ್ಲಿ. ಅದು ಅಪ್ಪನ ಮನೆ, ನನ್ನದಲ್ಲ.

ವ್ಯಾಪಾರ ಬಿಟ್ಟವರ ಮೊದಲ ಪಾಠ

ಮೊದಲ ಮೂರು ತಿಂಗಳು ಸರಳೆ ವರಸೆ ಮಾತ್ರ. ರಾಗ ಮಾಯಾಮಾಳವಗೌಳ, ತಾಳ ಆದಿ. ಒಂದು ಘಾತ, ಮೂರು ಬೆರಳೆಣಿಕೆ, ಮತ್ತೆ ಎರಡು ಸಲ ಘಾತ-ಹುಸಿ. ಒಟ್ಟು ಎಂಟು. ಮೊದಲ ಕಾಲದಲ್ಲಿ ಒಂದು ಎಣಿಕೆಗೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರರಲ್ಲಿ ನಾಲ್ಕು. ಕೇಳಲಿಕ್ಕೆ ಸುಲಭ. ಕೈ ಒಂದು ಹೇಳುತ್ತದೆ, ಬಾಯಿ ಇನ್ನೊಂದು. ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿ ಹತ್ತು ವರ್ಷ ಕೆಲಸ ಮಾಡಿದವನಿಗೆ ಎಂಟರವರೆಗೆ ಎಣಿಸಲಿಕ್ಕೆ ಬರುವುದಿಲ್ಲ ಎಂದು ಏಳು ವರ್ಷದ ಹುಡುಗಿಯೊಬ್ಬಳು ಕಂಡುಹಿಡಿದಳು. ‘ಅಂಕಲ್, ಕಿರುಬೆರಳಿನಿಂದ ಶುರು ಮಾಡ್ಬೇಕು.’

ಇದೇ ರಾಗ ಏಕೆ? ನನ್ನ ಟೆಸ್ಟರ್ ಬುದ್ಧಿಗೆ ಈ ಪ್ರಶ್ನೆ ಬಿಡಲಿಲ್ಲ. ಹಾರ್ಮೋನಿಯಂ ಮುಂದೆ ಕೂತು ಕೀ ಎಣಿಸಿ ನೋಡಿ: ‘ಸ’ದಿಂದ ‘ರಿ’ಗೆ ಒಂದು ಹೆಜ್ಜೆ, ‘ರಿ’ಯಿಂದ ‘ಗ’ಗೆ ಮೂರು ಹೆಜ್ಜೆ, ‘ಗ’ದಿಂದ ‘ಮ’ಗೆ ಮತ್ತೆ ಒಂದು. ‘ಪ’ದಿಂದ ಮೇಲಿನ ‘ಸ’ದವರೆಗೂ ಅದೇ ಲೆಕ್ಕ: ಒಂದು, ಮೂರು, ಒಂದು. ಕೆಳಗಿನ ಅರ್ಧ ಕಲಿತರೆ ಮೇಲಿನ ಅರ್ಧದ ಅಳತೆಯೂ ಸಿಕ್ಕಿತು. ಹತ್ತಿರದ ಸ್ವರ, ದೂರದ ಸ್ವರ ಎರಡೂ ಒಂದೇ ಏಣಿಯಲ್ಲಿ ಇರುವುದರಿಂದ ಕಿವಿಗೆ ವ್ಯತ್ಯಾಸ ಬೇಗ ಹಿಡಿಯುತ್ತದೆ. 72 ಮೇಳಕರ್ತಗಳ ಪಟ್ಟಿಯಲ್ಲಿ ಇದು 15ನೆಯದು.

ಈ ಪಾಠಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂಬುದು ಸಂಗೀತಗಾರರೆಲ್ಲ ಒಪ್ಪಿ ನಡೆಸಿಕೊಂಡು ಬಂದ ಮಾತು. 16ನೇ ಶತಮಾನದ ದಾಸರು. ಸಂಪ್ರದಾಯದ ಕಥೆಯಲ್ಲಿ ಅವರು ಮೊದಲು ಚಿನ್ನ-ಬಡ್ಡಿ ವ್ಯವಹಾರದ ದೊಡ್ಡ ಸಾಹುಕಾರ. ಸಂಸಾರಸ್ಥರಾದ ಮೇಲೆ, ನಡುವಯಸ್ಸಿನಲ್ಲಿ ಎಲ್ಲ ಬಿಟ್ಟು ತಂಬೂರಿ ಹಿಡಿದು ಬೀದಿಗೆ ಇಳಿದವರು. ಶಾಲೆಯಲ್ಲಿ ಈ ಕಥೆಯ ಮೂಗುತಿ ಭಾಗ ಮಾತ್ರ ನಮಗೆ ನೆನಪಿರುತ್ತದೆ. ಮಕ್ಕಳಿಗೆಂದು ನಾವು ಅಂದುಕೊಂಡ ಈ ಮೊದಲ ಪಾಠ ಬಂದದ್ದು ದೊಡ್ಡವನಾದ ಮೇಲೆ ಜೀವನ ಬದಲಿಸಿಕೊಂಡ ಒಬ್ಬ ಮನುಷ್ಯನಿಂದ ಎಂದು ಯೋಚಿಸಿದಾಗ ಮಕ್ಕಳ ನಡುವೆ ಕೂತುಕೊಳ್ಳಲು ನನಗೆ ನಾಚಿಕೆ ಕಡಿಮೆಯಾಯಿತು.

ಪ್ರಾಕ್ಟೀಸಿಗೆ ಜಾಗ ಎಲ್ಲುಂಟು?

ಕ್ಲಾಸು ವಾರಕ್ಕೆ ಎರಡೇ ದಿನ. ಉಳಿದ ಐದು ದಿನ ಎಲ್ಲಿ ಹಾಡುವುದು? ಮನೆಯಲ್ಲಿ ಅಪ್ಪನಿಗೆ ಕೇಳಬಾರದು ಎಂಬ ಹಟ ನನ್ನದು. ಕಲಿಯುತ್ತಿರುವ ವಿಷಯವನ್ನೇ ಹೇಳಿರಲಿಲ್ಲ, ಜಿಮ್ಮಿಗೆ ಹೋಗುತ್ತೇನೆ ಎಂದಿದ್ದೆ. ಹಾಗಾಗಿ ಆ ವರ್ಷ ನಾನು ಮಂಗಳೂರನ್ನು ಹೊಸದಾಗಿ ನೋಡಿದೆ: ಎಲ್ಲಿ ಹಾಡಿದರೆ ಯಾರಿಗೂ ಕೇಳುವುದಿಲ್ಲ ಎಂಬ ಒಂದೇ ದೃಷ್ಟಿಯಿಂದ.

ಮೊದಲ ಜಾಗ ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಗೆಳೆಯನ ಕಾರು. ಸೆಕ್ಯೂರಿಟಿಯವರು ಎರಡನೇ ದಿನ ಗಾಜು ಬಡಿದು, ‘ಸರ್, ಹುಷಾರಿದ್ದೀರಾ?’ ಎಂದು ಕೇಳಿದರು. ಅಲ್ಲಿಗೆ ಅದು ಮುಗಿಯಿತು.

ಎರಡನೆಯದು ತಣ್ಣೀರುಬಾವಿ. ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ಹೊಳೆ ದಾಟಿದರೆ ಆಚೆ ಸಮುದ್ರ. ವಾರದ ದಿನ ಬೆಳಿಗ್ಗೆ ಜನ ಕಡಿಮೆ. ಫೋನಿನಲ್ಲಿ ತಂಬೂರ ಆ್ಯಪ್ ಹಾಕಿ, ಇಯರ್‌ಫೋನ್ ಒಂದು ಕಿವಿಗೆ ಮಾತ್ರ ಸಿಕ್ಕಿಸಿ ಹಾಡುತ್ತಿದ್ದೆ. ಇನ್ನೊಂದು ಕಿವಿ ನಮ್ಮ ಸ್ವರ ಕೇಳಲಿಕ್ಕೆ ಬೇಕು. ಆದರೆ ಸಮುದ್ರದ ಎದುರು ಗೊತ್ತಿಲ್ಲದೆಯೇ ಕಿರುಚುತ್ತೇವೆ. ಒಂದು ವಾರದಲ್ಲಿ ಗಂಟಲು ಕಟ್ಟಿತು. ‘ಅಲೆಯ ಹತ್ತಿರ ಸ್ಪರ್ಧೆಗೆ ಹೋದದ್ದಾ?’ ಎಂದು ಟೀಚರ್ ನಕ್ಕರು. ಮೂರು ದಿನ ಮೌನ, ಬಿಸಿನೀರು.

ಕೊನೆಗೆ ಸಿಕ್ಕಿದ ಅತಿ ಒಳ್ಳೆಯ ಜಾಗ ನಮ್ಮ ಮನೆಯ ಟೆರೇಸ್ ಮೇಲಿನ ಶೀಟಿನ ಮಾಡು, ಅತಿ ಒಳ್ಳೆಯ ಸಮಯ ಜೂನ್ ತಿಂಗಳು. ಮಂಗಳೂರಿನ ಮಳೆ ಶೀಟಿನ ಮೇಲೆ ಬೀಳುವಾಗ ಕೆಳಗಿನವರಿಗೆ ಬಿಡಿ, ಪಕ್ಕ ನಿಂತವರಿಗೂ ಏನೂ ಕೇಳುವುದಿಲ್ಲ. ಬಟ್ಟೆ ಒಣಗಿಸುವ ನೆಪದಲ್ಲಿ ಮೇಲೆ ಹೋಗಿ ಜಂಟಿ ವರಸೆ ಹಾಡುತ್ತಿದ್ದೆ. ಮನೆಯಲ್ಲಿ ಬಟ್ಟೆ ಒಣಗಿಸುವ ಕೆಲಸ ಪೂರ್ತಿ ನನ್ನ ತಲೆಗೆ ಬಂತು. ಅಮ್ಮನಿಗೆ ಸಂಶಯ ಬಂದಿತ್ತು ಅಂತ ಕಾಣ್ತದೆ. ಮಳೆ ನಿಂತ ದಿನವೂ ನಾಲ್ಕು ಒಣಗಿದ ಟವೆಲ್ ಕೊಟ್ಟು, ‘ಇದನ್ನೂ ಸ್ವಲ್ಪ ಹಾಕಿ ಬಾ’ ಎನ್ನುತ್ತಿದ್ದರು.

ಊರೇ ಒಂದು ಕ್ಲಾಸು

ಹಾಡಲು ಶುರು ಮಾಡಿದ ಮೇಲೆ ಕಿವಿ ಬದಲಾಗುತ್ತದೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ‘ದುಂಬು ಪೋಲೆ’, ‘ರೈಟ್ ಪೋಯಿ’ ಎಂದು ಇಡೀ ದಿನ ಕೂಗುವ ಕಂಡಕ್ಟರ್‌ಗಳ ಸ್ವರ ಸಂಜೆಯವರೆಗೂ ಒಡೆಯುವುದಿಲ್ಲ, ಯಾಕೆ? ಬಂದರಿನ ಧಕ್ಕೆಯಲ್ಲಿ ಬೆಳಗಾತ ಮೀನು ಏಲಂ ಕೂಗುವವರ ಸ್ವರ? ಗಮನಿಸಿ, ಅವರ ಭುಜ ಮೇಲೆ ಏಳುವುದಿಲ್ಲ, ಹೊಟ್ಟೆ ಆಡುತ್ತದೆ. ‘ಉಸಿರು ಹೊಟ್ಟೆಯಿಂದ’ ಎಂದು ಟೀಚರ್ ಹತ್ತು ಸಲ ಹೇಳಿದ್ದು ನನಗೆ ಅರ್ಥವಾದದ್ದು ಧಕ್ಕೆಯಲ್ಲಿ, ಬಂಗುಡೆ ತರಲು ಹೋದಾಗ.

ಯಕ್ಷಗಾನಕ್ಕೂ ಬೇರೆ ಕಿವಿ ಇಟ್ಟುಕೊಂಡು ಹೋದೆ. ಚಿಕ್ಕಂದಿನಲ್ಲಿ ನಾನು ನೋಡುತ್ತಿದ್ದದ್ದು ಬಣ್ಣದ ವೇಷ. ಈಗ ಹಿಂದೆ ಕೂತು ಜಾಗಟೆ ಹಿಡಿದ ಭಾಗವತರನ್ನು ನೋಡುತ್ತೇನೆ. ಚೆಂಡೆಯ ಅಬ್ಬರದ ಮೇಲೆ ಸ್ವರ ತೇಲಬೇಕಾದ್ದರಿಂದ ಅವರ ಶ್ರುತಿ ಎತ್ತರ. ಮೈಕ್ ಇಲ್ಲದ ಕಾಲದಲ್ಲಿ ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕೂತವನಿಗೂ ಪದ ಕೇಳಬೇಕಿತ್ತು. ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಆರು ತಿಂಗಳು ರಾತ್ರಿ ರಾತ್ರಿ ಹಾಡಿ ಗಂಟಲು ಉಳಿಸಿಕೊಳ್ಳುವುದು ಸಣ್ಣ ವಿದ್ಯೆಯಲ್ಲ.

ಡಿಸೆಂಬರಿನಲ್ಲಿ ಕೊಂಕಣಿ ಮಾತಾಡುವ ನನ್ನ ಸಹೋದ್ಯೋಗಿ ಅವರ ಚರ್ಚಿನ ಕ್ಯಾರಲ್ ಪ್ರಾಕ್ಟೀಸಿಗೆ ಕರೆದುಕೊಂಡು ಹೋದಳು. ಅಲ್ಲಿ ಎಲ್ಲರೂ ಒಂದೇ ಸ್ವರ ಹಾಡುವುದಿಲ್ಲ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ನಾಲ್ಕು ಪಾಲು. ಕೊಯರ್ ಮಾಸ್ಟರ್ ನನ್ನಿಂದ ಒಂದು ಸಾಲು ಹೇಳಿಸಿ, ‘ಓ, ಬಾಸ್! ನಮಗೆ ಬಾಸ್ ಸಿಗುವುದೇ ಕಷ್ಟ, ಆ ಕಡೆ ನಿಲ್ಲಿ’ ಎಂದರು. ತಗ್ಗಿನ ಸ್ವರ ಒಂದು ಕೊರತೆ ಎಂದುಕೊಂಡಿದ್ದವನಿಗೆ ಅದಕ್ಕೆಂದೇ ನಿಲ್ಲುವ ಜಾಗ ಇದೆ ಎಂದು ಗೊತ್ತಾಯಿತು.

ಅವಳೇ ಹೇಳಿ ಶಕ್ತಿನಗರದ ಕಲಾಂಗಣಕ್ಕೂ ಹೋದೆ. ಮಾಂಡ್ ಸೊಭಾಣ್ ಸಂಸ್ಥೆಯ ಜಾಗ ಅದು. 2008ರ ಜನವರಿ 26-27ರಂದು ಅಲ್ಲಿ ಸತತ 40 ಗಂಟೆ ಕೊಂಕಣಿ ಹಾಡು ಹಾಡಿ ಗಿನ್ನೆಸ್ ದಾಖಲೆ ಮಾಡಿದರು. 40 ಗಂಟೆ ಹಾಡಿದವರಲ್ಲಿ ಎಲ್ಲರೂ ವಿದ್ವಾಂಸರಲ್ಲ. ಸರದಿ ಬಂದಾಗ ಎದ್ದು ನಿಂತು ತಮ್ಮ ಪಾಲಿನ ಹಾಡು ಹೇಳಿದ ಸಾವಿರಕ್ಕೂ ಹೆಚ್ಚು ಜನ. ಒಂದು ಭಾಷೆಯ ಹಾಡು ಉಳಿಯುವುದು ಹೀಗೆ. ನಮ್ಮ ಮಂದಿರದ ಐವರ ಲೆಕ್ಕ ನೆನಪಾಗಿ ಹೊಟ್ಟೆಯಲ್ಲಿ ಒಂಥರಾ ಆಯಿತು.

ನೀವೂ ಶುರು ಮಾಡುವುದಾದರೆ

ಒಂದು ವರ್ಷದಲ್ಲಿ ನನಗೆ ಗೊತ್ತಾದ ನಾಲ್ಕು ಮಾತು ಹೇಳಿಬಿಡುತ್ತೇನೆ.

ಮೊದಲು ನಿಮ್ಮ ಶ್ರುತಿ ಹುಡುಕಿ. ಇಷ್ಟದ ಗಾಯಕರ ಒರಿಜಿನಲ್ ಟ್ರ್ಯಾಕ್ ಜತೆ ಹಾಡಿ ‘ಬರುವುದಿಲ್ಲ’ ಎಂದು ತೀರ್ಮಾನ ಮಾಡಬೇಡಿ. ಗಂಡಸರಿಗೆ ಹೆಂಗಸರು ಕಲಿಸುವಾಗ, ಹೆಂಗಸರಿಗೆ ಗಂಡಸರು ಕಲಿಸುವಾಗ ಇದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ.

ದಿನಕ್ಕೆ 15 ನಿಮಿಷ ಸಾಕು, ಆದರೆ ದಿನವೂ ಬೇಕು. ಭಾನುವಾರ ಒಟ್ಟಿಗೆ ಎರಡು ಗಂಟೆ ಹಾಡಿದರೆ ಗಂಟಲಿಗೆ ನೋವು, ನೆನಪಿಗೆ ಏನೂ ಇಲ್ಲ. ಮೊದಲ ಐದು ನಿಮಿಷ ಬಾಯಿ ಮುಚ್ಚಿ ‘ಮ್’ ಎಂದು ಕೆಳಗಿನ ಸ್ವರಗಳಲ್ಲಿ ಗುನುಗಿ, ಆಮೇಲೆ ಬಾಯಿ ತೆರೆಯಿರಿ.

ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ಅಸಹ್ಯ ಅನಿಸುತ್ತದೆ. ನಮ್ಮ ಸ್ವರ ನಮಗೆ ಗಾಳಿಯಿಂದಲೂ ತಲೆಯ ಮೂಳೆಯ ಮೂಲಕವೂ ಕೇಳುತ್ತದೆ. ಮೂಳೆ ತಗ್ಗಿನ ಸ್ವರವನ್ನು ಚೆನ್ನಾಗಿ ಒಯ್ಯುವುದರಿಂದ ಒಳಗೆ ಗಂಭೀರ, ರೆಕಾರ್ಡಿಂಗಿನಲ್ಲಿ ತೆಳು. ಎಲ್ಲರಿಗೂ ಹಾಗೆಯೇ. ಎರಡು ವಾರದಲ್ಲಿ ರೂಢಿಯಾಗುತ್ತದೆ, ತಪ್ಪು ಎಲ್ಲಿ ಎಂದು ಗೊತ್ತಾಗುತ್ತದೆ.

ಗಂಟಲು ನೋಯುವಾಗ ಹಾಡಬೇಡಿ. ಆಗಾಗ ನೀರು ಕುಡಿಯಿರಿ, ಪದೇಪದೇ ಗಂಟಲು ಕೆರೆದು ಸರಿ ಮಾಡುವ ಅಭ್ಯಾಸ ಬಿಡಿ. ಸ್ವರ ಒಡೆದದ್ದು ಮೂರು ವಾರ ಕಳೆದರೂ ಸರಿಯಾಗದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಈ ಕೊನೆಯ ಮಾತನ್ನು ನಾನು ಅಪ್ಪನಿಗೂ ಹೇಳಿ ಕರೆದುಕೊಂಡು ಹೋದೆ. ಭಯಪಡುವಂಥದ್ದು ಏನೂ ಇರಲಿಲ್ಲ. ‘ವಯಸ್ಸಾಯಿತು, ಧ್ವನಿತಂತು ಸ್ವಲ್ಪ ತೆಳುವಾಗಿದೆ. ಮೇಲೆ ಎಳೆದು ಹಾಡಬೇಡಿ’ ಎಂದರು ಡಾಕ್ಟರು. ಅಪ್ಪ ‘ಆಯ್ತು’ ಎಂದರು. ಹೊರಗೆ ಬಂದು ಚಾ ಕುಡಿಯುವಾಗ, ‘ಹಾಗಾದರೆ ಇನ್ನು ತಾಳ ಹಾಕುವ’ ಎಂದರು, ಬೇರೆ ಯಾರದ್ದೋ ವಿಷಯ ಹೇಳುವ ಹಾಗೆ.

ಕಪ್ಪು ಒಂದು

ಈ ಸಲ ನವರಾತ್ರಿ ಮುಗಿದ ಮೇಲಿನ ಮೊದಲ ಶನಿವಾರ. ಕಾಲುದೀಪ ಹಚ್ಚಿ ಆಗಿತ್ತು. ಹಾರ್ಮೋನಿಯಂ ಮಾವ ರೂಢಿಯಂತೆ ಕಪ್ಪು ಎರಡು ಒತ್ತಿ ಹಿಡಿದರು. ಅಪ್ಪ ಬಲಗಡೆ ತಾಳ ಹಿಡಿದು ಕೂತಿದ್ದರು. ಮೊದಲ ಹಾಡು ಯಾರು ಹೇಳುವುದು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

‘ಮಾವ, ಕಪ್ಪು ಒಂದು ಕೊಡಿ’ ಎಂದೆ.

ಅವರು ಕನ್ನಡಕದ ಮೇಲಿನಿಂದ ನೋಡಿದರು. ‘ಯಾರಿಗೆ?’

‘ನನಗೆ.’

ಅವರು ಅಪ್ಪನ ಕಡೆ ನೋಡಿದರು. ಅಪ್ಪ ತಾಳದ ದಾರ ಬೆರಳಿಗೆ ಸುತ್ತುತ್ತಾ ಇದ್ದರು, ತಲೆ ಎತ್ತಲಿಲ್ಲ. ಮಾವ ಕೀ ಬದಲಿಸಿದರು.

ನಾನು ಹಾಡಿದೆ. ಮೊದಲ ಸಾಲಿನಲ್ಲಿ ಸ್ವರ ನಡುಗಿತು. ಎರಡನೇ ಸಾಲಿಗೆ ‘ಸ’ ಸಿಕ್ಕಿತು. ಕತ್ತಲೆಯಲ್ಲಿ ಕೈಯಾಡಿಸುವಾಗ ನಮ್ಮದೇ ಮನೆಯ ಸ್ವಿಚ್ಚು ಸಿಕ್ಕಿದ ಹಾಗೆ. ಉಳಿದ ನಾಲ್ವರು ಪಲ್ಲವಿ ತೆಗೆದುಕೊಂಡರು. ಎರಡನೇ ಚರಣದಲ್ಲಿ ಹೆದರಿಕೆಗೆ ಓಡಿದೆ, ಒಂದು ಕಡೆ ‘ನಿ’ ತಗ್ಗಿತು. ಟೀಚರ್ ಇದ್ದಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆದರೆ ಹಾಡು ನಿಲ್ಲಲಿಲ್ಲ. ನಾನು ಓಡಿದ ಕಡೆ ಅಪ್ಪನ ತಾಳ ಓಡಲಿಲ್ಲ, ಅದು ಅಲ್ಲೇ ನಿಂತು ನನ್ನನ್ನು ಹಿಂದಕ್ಕೆ ಕರೆಯಿತು.

ಮಂಗಳ ಆಯಿತು, ಪಂಚಕಜ್ಜಾಯ ಆಯಿತು. ಯಾರೂ ದೊಡ್ಡದಾಗಿ ಏನೂ ಹೇಳಲಿಲ್ಲ. ಹಾರ್ಮೋನಿಯಂ ಮಾವ ಮಾತ್ರ ಪೆಟ್ಟಿಗೆ ಮುಚ್ಚುತ್ತಾ, ‘ಕಪ್ಪು ಒಂದು. ನೆನಪಿಟ್ಟುಕೊಳ್ಳುತ್ತೇನೆ’ ಎಂದರು.

ಬೈಕಿನಲ್ಲಿ ಅಪ್ಪ ಮತ್ತೆ ಸುಮ್ಮನೆ ಕೂತಿದ್ದರು. ರೈಲ್ವೆ ಸೇತುವೆಯ ಹತ್ತಿರ ಬಂದಾಗ ಹಿಂದಿನಿಂದ ಮಾತು ಬಂತು.

‘ಎರಡನೇ ಚರಣದಲ್ಲಿ ತಾಳ ಓಡ್ತದೆ ನಿಂದು.’

‘ಹೌದು ಅಪ್ಪ.’

‘ಜಿಮ್ಮಿನಲ್ಲಿ ಅದನ್ನೂ ಹೇಳಿಕೊಡ್ತಾರಾ?’

ನನಗೆ ನಗು ತಡೆಯಲಾಗಲಿಲ್ಲ. ಅಪ್ಪನೂ ನಕ್ಕರು, ಕೆಮ್ಮಿದರು. ಮತ್ತೆ ನನ್ನ ಭುಜದ ಮೇಲೆ ಬೆರಳಿನಿಂದ ಆ ಚರಣದ ತಾಳ ನಿಧಾನವಾಗಿ ಹಾಕುತ್ತಾ, ‘ಬರುವ ಶನಿವಾರ ಸರಿ ಮಾಡುವ’ ಎಂದರು.